ಮನೆವಾರ್ತೆ: ಅಂಗೈಯ ಚಿತ್ರವು ನಡುಮನೆಗೆ ಬಂದಾಗ

ಕೈಯಲ್ಲಿ ಹಿಡಿಯುವ ಫೋನಿನಲ್ಲಿರುವ ಚಿತ್ರವನ್ನು ತಂತಿಯ ನೆರವಿಲ್ಲದೆ ನಡುಮನೆಯ ಟಿ.ವಿ.ಯ ಮೇಲೆ ತೋರಿಸುವ ಏರ್ಪಾಡು ಈಗ ಅನೇಕ ಮನೆಗಳಲ್ಲಿ ಬಳಕೆಗೆ ಬಂದಿರುವುದಷ್ಟೆ. ಅದನ್ನು ಕುರಿತು ಈ ಪುಟದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಎಣಿಸುತ್ತಿದ್ದೆನು. ಎಣಿಕೆಯು ಎಣಿಕೆಯಾಗಿಯೇ ಉಳಿದಿದ್ದಿತು. ಏಕೆಂದರೆ, ಗುಂಡಿಯನ್ನು ಒತ್ತಿದರೆ ಚಿತ್ರವು ಬರುತ್ತದೆ ಎಂಬುದಕ್ಕಿಂತ ಹೆಚ್ಚಾಗಿ ಹೇಳತಕ್ಕದ್ದೇನೂ ಇಲ್ಲವೆಂದು ನನ್ನ ಭಾವನೆ. ಆ ಭಾವನೆಯು ತಪ್ಪೆಂಬುದು ಕಳೆದ ಯುಗಾದಿಯ ಸಂಜೆ ನಮ್ಮ ನೆರೆಮನೆಯಲ್ಲಿ ನಡೆದ ಒಂದು ಸಂಗತಿಯಿಂದ ಮನವರಿಕೆಯಾಯಿತು. ಆ ಮನೆಯ ಯಜಮಾನರ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡವೆಂದರು.

ಅವರು ನಿವೃತ್ತ ಉಪಾಧ್ಯಾಯರು. ಹುಡುಗರ ಕಾಪಿಪುಸ್ತಕಗಳನ್ನು ತಿದ್ದಿ ತಿದ್ದಿ, ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡಲಾರದ ಅಭ್ಯಾಸ ಅವರಿಗೆ ಬಂದುಬಿಟ್ಟಿದೆ. ದಿನಸಿಯ ಪೊಟ್ಟಣದ ಕಾಗದವನ್ನು ಕೂಡ ಬಿಡಿಸಿ ಓದಿಯೇ ಎಸೆಯುವರು. ಮನೆಯಲ್ಲಿ ಅವರ ಪತ್ನಿಯವರಲ್ಲದೆ, ತೊಂಬತ್ತರ ಸಮೀಪದ ತಾಯಿಯವರೂ ಇದ್ದಾರೆ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ಹಬ್ಬಕ್ಕೆ ಅವನು ಒಬ್ಬನೇ ಬಂದಿದ್ದನು. ಮಗುವಿಗೆ ಜ್ವರವಿದ್ದುದರಿಂದ ಸೊಸೆಯು ಊರಿನಲ್ಲಿಯೇ ಉಳಿದಿದ್ದಳು. ಮರಿಮಗಳನ್ನು ನೋಡುವ ಆಸೆಯಿಂದ ವಾರದಿಂದಲೂ ದಿನವೆಣಿಸುತ್ತಿದ್ದ ಅಜ್ಜಿಯವರಿಗೆ ಇದರಿಂದ ಆದ ನಿರಾಶೆಯು ಅಷ್ಟಿಷ್ಟಲ್ಲ. ಮಗುವಿನ ಮೊದಲ ವರ್ಷದ ಹುಟ್ಟುಹಬ್ಬದ ಚಿತ್ರಗಳನ್ನು ಮೊಮ್ಮಗನು ಫೋನಿನಲ್ಲಿ ತೋರಿಸಲು ಹೋದರೆ, ಪೊರೆ ಬಂದ ಆ ಕಣ್ಣಿಗೆ ಒಂದು ಬೆಳಕಿನ ಮಸುಕಲ್ಲದೆ ಮತ್ತೇನೂ ಕಾಣಿಸಲಿಲ್ಲ.

ಆದುದರಿಂದ ಸಂಜೆ ದೀಪ ಹಚ್ಚಿದ ಮೇಲೆ, ಆ ಚಿತ್ರಗಳನ್ನು 43 ಅಂಗುಲದ ಟಿ.ವಿ.ಯ ಮೇಲೆ ತೋರಿಸುವುದೆಂದು ಗೊತ್ತಾಯಿತು. ಹೋಳಿಗೆಯ ನೆಪದಿಂದ ನಾವೂ, ಎದುರುಮನೆಯವರೂ ಹೋಗಿ ಕುಳಿತೆವು. ಹುಡುಗನು ಫೋನಿನ ಮೇಲೆ ಎರಡು ಮೂರು ಕಡೆ ಬೆರಳಾಡಿಸಿದನು. ಫೋನಿನಲ್ಲಿದ್ದುದೆಲ್ಲ ಗೋಡೆಯ ಮೇಲೆ ಮೂಡಿತು. ಅಜ್ಜಿಯವರನ್ನು ಕುರ್ಚಿಸಹಿತ ಮುಂದಕ್ಕೆ ಸರಿಸಿ ಕೂರಿಸಿದರು. ಮೂರನೆಯ ಚಿತ್ರಕ್ಕೆ, "ಅಯ್ಯೋ, ಹಲ್ಲು ಬಂದಿದೆಯಲ್ಲೋ ಕೂಸಿಗೆ!" ಎಂದು ಅವರು ಕೈತಟ್ಟಿ ನಕ್ಕದ್ದನ್ನು ನೋಡಿ, ಈ ಯಂತ್ರವನ್ನು ಕಲ್ಪಿಸಿದವನು ಯಾವ ದೇಶದವನಾದರೂ ಆಗಲಿ, ಅವನಿಗೆ ಪುಣ್ಯ ಬರಲೆಂದು ನನ್ನ ಮನಸ್ಸಿಗೆ ಬಂದಿತು.

ಹತ್ತೋ ಹನ್ನೆರಡೋ ಚಿತ್ರಗಳಾಗಿದ್ದಿರಬೇಕು. ಆಗ ಪರದೆಯ ಮೇಲಂಚಿನಿಂದ ಬಿಳಿಯ ಪಟ್ಟಿಯೊಂದು ಇಳಿದು, ಮಗುವಿನ ಹಣೆಗೆ ಅಡ್ಡವಾಗಿ ನಿಂತಿತು. ಅದು ಮಗನ ಗೆಳೆಯನು ಕಳುಹಿಸಿದ ವಾಟ್ಸಾಪ್ ಸಂದೇಶ. ಇಂಗ್ಲಿಷು ಲಿಪಿಯಲ್ಲಿ ಬರೆದ ಕನ್ನಡ. "ಕೆಲಸ ಹೋದದ್ದು ಮನೇಲಿ ಹೇಳಿದ್ಯಾ? ಮುಂದಿನ ತಿಂಗಳ ಕಂತಿಗೆ ಏನು ಮಾಡ್ತೀಯ?" ಒಂದೊಂದು ಅಕ್ಷರವೂ ಹೆಬ್ಬೆರಳಿನ ಗಾತ್ರ. ಪಟ್ಟಿಯು ನಾಲ್ಕೈದು ಸೆಕೆಂಡು ಇದ್ದು ಮರೆಯಾಯಿತು. ಅಷ್ಟರೊಳಗೆ ನಡುಮನೆಯಲ್ಲಿದ್ದವರೆಲ್ಲರೂ ಓದಿದ್ದರು. ಓದಿಲ್ಲವೆಂಬಂತೆ ಎಲ್ಲರೂ ಹೋಳಿಗೆಯ ತಟ್ಟೆಯ ಕಡೆಗೆ ದೃಷ್ಟಿಯನ್ನು ಇಳಿಸಿದರು. ಹುಡುಗನ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ.

ಓದು ಬಾರದ ಅಜ್ಜಿಯವರು ಮಾತ್ರ, "ಅದೇನೋ ಅಕ್ಷರ ಬಂದ ಹಾಗಾಯಿತಲ್ಲ, ಏನು ಬರೆದಿತ್ತು?" ಎಂದರು.

"ಯಾರೋ ಹಬ್ಬದ ಶುಭಾಶಯ ಹೇಳಿದ್ದಾರಮ್ಮ" ಎಂದು ಉಪಾಧ್ಯಾಯರು ಉತ್ತರ ಕೊಟ್ಟರು. ಅನಂತರ ಮಗನ ಕಡೆ ತಿರುಗಿ, "ಮುಂದಿನ ಚಿತ್ರ ಹಾಕಪ್ಪ" ಎಂದರು.

ಅವನು ಹಾಕಿದನು. ಕೊನೆಯ ಚಿತ್ರದವರೆಗೂ ಎಲ್ಲವನ್ನೂ ತೋರಿಸಿದನು. ಆ ರಾತ್ರಿ ತಂದೆ ಮಕ್ಕಳ ನಡುವೆ ಏನು ಮಾತುಕತೆ ನಡೆಯಿತೋ ಅದು ನನಗೆ ತಿಳಿಯದು, ತಿಳಿಯಬೇಕಾದುದೂ ಅಲ್ಲ. ನಾಲ್ಕು ದಿನಗಳ ತರುವಾಯ ಉಪಾಧ್ಯಾಯರು ನಮ್ಮ ಜಗುಲಿಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ ಒಂದು ಪ್ರಶ್ನೆಯನ್ನು ಕೇಳಿದರು: "ನಾವು ಕೇಳಿದ್ದು ಚಿತ್ರ ತಾನೆ? ಕಾಗದವೇಕೆ ಬಂದಿತು?"

ಪ್ರಶ್ನೆಯು ಸಣ್ಣದು. ಆದರೆ ಫೋನಿನಿಂದ ಟಿ.ವಿ.ಗೆ ಚಿತ್ರವನ್ನು ಕಳುಹಿಸುವ ವಿದ್ಯೆಯಲ್ಲಿ ಗೃಹಸ್ಥರು ಮುಖ್ಯವಾಗಿ ತಿಳಿಯತಕ್ಕದ್ದೆಲ್ಲ ಅದರೊಳಗೇ ಇದೆ. ಈ ವಿದ್ಯೆಯಲ್ಲಿ ಎರಡು ದಾರಿಗಳುಂಟು. ನೋಡುವವನಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಒಳಗೆ ನಡೆಯುವ ಕೆಲಸ ಮಾತ್ರ ಬೇರೆ ಬೇರೆ.

ಮೊದಲು ಮನೆಯೊಳಗಿನ ಅಂಚೆಯ ವ್ಯವಸ್ಥೆಯನ್ನು ಹೇಳಬೇಕು. ರೌಟರು ಎಂಬ ಪುಟ್ಟ ಪೆಟ್ಟಿಗೆಯೊಂದು ಗೋಡೆಯ ಮೇಲೋ ಕಪಾಟಿನ ಮೇಲೋ ಇರುತ್ತದೆ. ಫೋನೂ ಟಿ.ವಿ.ಯೂ ಆ ಪೆಟ್ಟಿಗೆಯ ವೈಫೈಗೆ ಸೇರಿರುತ್ತವೆ. ಅವುಗಳ ನಡುವೆ ಓಡಾಡುವುದು ರೇಡಿಯೋ ತರಂಗವೇ ಹೊರತು ಬೇರೆ ಯಾವ ಮಾಯೆಯೂ ಅಲ್ಲ. ಸೆಕೆಂಡಿಗೆ ಸುಮಾರು 240 ಕೋಟಿ ಸಲ ಕಂಪಿಸುವ ತರಂಗ ಒಂದು ಬಗೆ. ಅದರ ಒಂದು ಅಲೆಯ ಉದ್ದವು ಹನ್ನೆರಡೂವರೆ ಸೆಂಟಿಮೀಟರು, ಎಂದರೆ ಅರ್ಧ ಗೇಣಿಗೆ ತುಸು ಹೆಚ್ಚು. ಸೆಕೆಂಡಿಗೆ 500 ಕೋಟಿಗೂ ಮೇಲ್ಪಟ್ಟು ಕಂಪಿಸುವುದು ಇನ್ನೊಂದು ಬಗೆ. ಅದರ ಅಲೆಯು ಆರು ಸೆಂಟಿಮೀಟರಿಗಿಂತ ಉದ್ದವಲ್ಲ. ಮೊದಲನೆಯದು ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ. ಎರಡನೆಯದು ಹೆಚ್ಚು ಹೊರೆಯನ್ನು ಹೊರುತ್ತದೆ, ಆದರೆ ಗೋಡೆಗೆ ಬೇಗ ಸೋಲುತ್ತದೆ. ಅಡುಗೆಮನೆಯ ಮೈಕ್ರೋವೇವ್ ಒಲೆಯು ಮೊದಲನೆಯದಕ್ಕೆ ಬಹು ಸಮೀಪದ ತರಂಗವನ್ನೇ ಬಳಸುವುದರಿಂದ, ಒಲೆ ನಡೆಯುತ್ತಿರುವಾಗ ನಡುಮನೆಯ ಚಿತ್ರವು ತಡವರಿಸುವುದುಂಟು. ಸೊಸೆಯು ಹಾಲು ಬಿಸಿಮಾಡಿದಾಗಲೆಲ್ಲ ತನ್ನ ಧಾರಾವಾಹಿಯು ನಿಲ್ಲುತ್ತದೆ ಎಂದು ದೂರುವ ಅತ್ತೆಯ ಮಾತಿನಲ್ಲಿ, ಆದುದರಿಂದ, ಕೆಲವು ವೇಳೆ ಸತ್ಯಾಂಶವೂ ಇರಬಹುದು. ಟಿ.ವಿ.ಯನ್ನು ಎರಡನೆಯ ಬಗೆಯ ತರಂಗಕ್ಕೆ ಸೇರಿಸಿದರೆ ಆ ಜಗಳವು ತೀರುತ್ತದೆ.

ಫೋನಿನಲ್ಲಿ ಗುಂಡಿಯನ್ನು ಒತ್ತಿದೊಡನೆ ಅದು, "ಚಿತ್ರ ತೋರಿಸಬಲ್ಲವರು ಈ ಮನೆಯಲ್ಲಿ ಯಾರಿದ್ದೀರಿ?" ಎಂದು ವೈಫೈಯೊಳಗೆ ಒಂದು ಕೂಗು ಹಾಕುತ್ತದೆ. ಟಿ.ವಿ.ಯು ತನ್ನ ಹೆಸರನ್ನು ಹೇಳಿ ಓಗೊಡುತ್ತದೆ. ಆ ಹೆಸರನ್ನು ಬೆರಳಿನಿಂದ ಮುಟ್ಟಿದರೆ ಸಂಬಂಧವು ಕೂಡಿತು. ಇಲ್ಲಿಂದ ಮುಂದೆ ದಾರಿಗಳು ಬೇರೆಯಾಗುತ್ತವೆ.

ಒಂದು, ಚೀಟಿಯ ದಾರಿ. ನೀವು ಫೋನಿನಲ್ಲಿ ಯೂಟ್ಯೂಬನ್ನು ತೆರೆದು ಒಂದು ಸಂಗೀತ ಕಚೇರಿಯನ್ನು ಆರಿಸಿ, ಅಲ್ಲಿಯೇ ಕಾಣುವ ಕಾಸ್ಟ್ ಗುರುತನ್ನು ಒತ್ತಿದಿರೆನ್ನಿ. ಆಗ ಫೋನು ಆ ಕಚೇರಿಯನ್ನು ಹೊತ್ತು ಟಿ.ವಿ.ಗೆ ಮುಟ್ಟಿಸುವುದಿಲ್ಲ. "ಇಂಥ ಕಡೆ ಇಂಥ ಕಚೇರಿ ಇದೆ, ತಂದು ಹಾಡಿಸು" ಎಂದು ವಿಳಾಸವನ್ನು ಬರೆದ ಚೀಟಿಯೊಂದನ್ನು ಮಾತ್ರ ಕೊಡುತ್ತದೆ. ಟಿ.ವಿ.ಯೇ ಇಂಟರ್ನೆಟ್ಟಿಗೆ ಹೋಗಿ ಸಾಮಾನನ್ನು ತಂದುಕೊಳ್ಳುತ್ತದೆ. ಅನಂತರ ನೀವು ಫೋನಿನಲ್ಲಿ ಮಗಳೊಡನೆ ಮಾತನಾಡಬಹುದು, ಕಾಗದವನ್ನು ಓದಬಹುದು, ಫೋನನ್ನು ಆರಿಸಿ ಮೇಜಿನ ಮೇಲಿಡಬಹುದು. ಕಚೇರಿಯು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ಫೋನಿಗೆ ಉಳಿಯುವ ಕೆಲಸವು ನಿಲ್ಲಿಸು, ನಡೆಸು, ದನಿಯನ್ನು ತಗ್ಗಿಸು ಎಂಬಷ್ಟೇ. ಚಿತ್ರವು ಫೋನಿನಲ್ಲಿಯೇ ಇದ್ದು ಇಂಟರ್ನೆಟ್ಟಿನಲ್ಲಿ ಇಲ್ಲದಿದ್ದರೆ, ಫೋನು ತಾನೇ ಅಂಗಡಿಯವನಾಗಿ ಆ ಒಂದು ಚಿತ್ರವನ್ನು ಮಾತ್ರ ತೂಗಿ ಕೊಡುತ್ತದೆ. ಅಂಗಡಿಯೊಳಗಿನ ಮಿಕ್ಕ ಸರಕು ಗಿರಾಕಿಗೆ ಕಾಣುವುದಿಲ್ಲ.

ಇನ್ನೊಂದು, ಕನ್ನಡಿಯ ದಾರಿ. ಇದಕ್ಕೆ ಸ್ಕ್ರೀನ್ ಮಿರರಿಂಗ್ ಎಂದು ಹೆಸರು. ಇಲ್ಲಿ ಚೀಟಿಯಿಲ್ಲ, ಆಯ್ಕೆಯಿಲ್ಲ. ಫೋನಿನ ಮುಖದ ಮೇಲೆ ಕ್ಷಣಕ್ಷಣಕ್ಕೂ ಏನೇನು ಮೂಡುತ್ತದೆಯೋ ಅದನ್ನೆಲ್ಲ ಹಾಗೆಹಾಗೆಯೇ ಚಿತ್ರ ತೆಗೆದು ಟಿ.ವಿ.ಗೆ ಸಾಗಿಸುವುದು ಇದರ ಕ್ರಮ. ಈ ಕೆಲಸದ ಶ್ರಮ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಅಗಲಕ್ಕೆ 1,920, ಎತ್ತರಕ್ಕೆ 1,080 ಚುಕ್ಕೆಗಳಿರುವ ಒಂದು ಚಿತ್ರದಲ್ಲಿ ಒಟ್ಟು 20,73,600 ಚುಕ್ಕೆಗಳು. ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಹೇಳಲು 24 ಬಿಟ್ಟುಗಳು ಬೇಕು. ಸೆಕೆಂಡಿಗೆ 30 ಚಿತ್ರಗಳಂತೆ ಕಳುಹಿಸಬೇಕಾದರೆ ಸುಮಾರು 149 ಕೋಟಿ ಬಿಟ್ಟುಗಳಾಗುತ್ತವೆ. ಇಷ್ಟನ್ನು ಹೊರುವುದು ಸಾಧಾರಣವಾದ ಮನೆಯ ವೈಫೈಗೆ ಆಗದ ಮಾತು. ಆದಕಾರಣ ಫೋನು ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಆರಿಸಿ, ಹಿಂಡಿ, ಮಡಿಸಿ, ಒಂದು ಕೋಟಿಯ ಆಸುಪಾಸಿಗೆ ಇಳಿಸಿ ಕಳುಹಿಸುತ್ತದೆ, ಟಿ.ವಿ.ಯು ಅದನ್ನು ಬಿಡಿಸಿ ಹರಡುತ್ತದೆ. ಈ ಹಿಂಡುವ ಕೆಲಸವನ್ನು ಬಿಡುವಿಲ್ಲದೆ ಮಾಡುವುದರಿಂದಲೇ ಫೋನು ಬೆಚ್ಚಗಾಗುವುದು, ಬ್ಯಾಟರಿಯು ಬೇಗ ಇಳಿಯುವುದು, ತುಟಿಯ ಚಲನೆಗೂ ಮಾತಿಗೂ ಕೆಲವು ವೇಳೆ ಹೊಂದಿಕೆ ತಪ್ಪುವುದು.

ಅವೆಲ್ಲ ಸಣ್ಣ ದೋಷಗಳು. ಕನ್ನಡಿಗೆ ವಿವೇಕವಿಲ್ಲದಿರುವುದು ದೊಡ್ಡ ದೋಷ. ಎದುರಿಗೆ ನಿಂತವನ ಮುಖವನ್ನು ತೋರಿಸಿ, ಹಿಂದೆ ಬಾಗಿಲಲ್ಲಿ ನಿಂತು ಕಣ್ಣೊರಸಿಕೊಳ್ಳುತ್ತಿರುವವಳನ್ನು ಮರೆಮಾಡುವುದು ಕನ್ನಡಿಗೆ ತಿಳಿಯದು. ಫೋನಿನ ಮೇಲೆ ಸಂದೇಶವು ಇಳಿದರೆ ಅದೂ ಚಿತ್ರವೇ. ಬ್ಯಾಂಕಿನಿಂದ ಬಂದ ಗುಟ್ಟಿನ ಸಂಖ್ಯೆಯೂ ಚಿತ್ರವೇ. ವೈದ್ಯರ ವರದಿಯೂ ಚಿತ್ರವೇ. ನಮ್ಮ ನೆರೆಮನೆಯ ಹುಡುಗನು ಆ ಸಂಜೆ ಹಿಡಿದದ್ದು ಕನ್ನಡಿಯ ದಾರಿಯನ್ನು. ಚೀಟಿಯ ದಾರಿಯನ್ನು ಹಿಡಿದಿದ್ದರೆ ಅಜ್ಜಿಯವರಿಗೆ ಅದೇ ಚಿತ್ರಗಳೇ ಕಾಣುತ್ತಿದ್ದವು. ಗೆಳೆಯನ ಕಾಗದವು ಬಂದಿದ್ದರೂ ಅವನ ಅಂಗೈಯಲ್ಲಿಯೇ ಉಳಿಯುತ್ತಿದ್ದಿತು. ಉಪಾಧ್ಯಾಯರ ಪ್ರಶ್ನೆಗೆ ನಾನು ಕೊಟ್ಟ ಉತ್ತರವು ಇದೇ.

ಅವರು ಸ್ವಲ್ಪ ಯೋಚಿಸಿ, "ಕಂಪ್ಯೂಟರಿನ ಕೆಲಸದವನಿಗೇ ಇದು ತಿಳಿದಿರಲಿಲ್ಲವೆ?" ಎಂದರು. ತಿಳಿದೇ ಇದ್ದಿರಬಹುದು. ಆದರೆ ತಪ್ಪುವುದು ಬಹಳ ಸುಲಭ; ಅದಕ್ಕೆ ಈ ಯಂತ್ರಗಳನ್ನು ಮಾಡುವವರು ಇಟ್ಟಿರುವ ಹೆಸರುಗಳೂ ಕಾರಣ. ಯೂಟ್ಯೂಬಿನ ಒಳಗಿರುವ ಕಾಸ್ಟ್ ಎಂಬ ಗುರುತು ಚೀಟಿಯನ್ನು ಕಳುಹಿಸುತ್ತದೆ. ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಸಿಗುವ ಗುಂಡಿಗಳ ಸಾಲಿನಲ್ಲಿಯೂ ಕಾಸ್ಟ್ ಎಂಬುದೊಂದಿರುತ್ತದೆ. ಅದು ಹಿಡಿಯುವುದು ಕನ್ನಡಿಯನ್ನು. ಕೆಲವು ಫೋನುಗಳಲ್ಲಿ ಅದಕ್ಕೇ ಸ್ಮಾರ್ಟ್ ವ್ಯೂ ಎಂದು ಹೆಸರು. ಒಂದೇ ಹೆಸರಿನ ಇಬ್ಬರು ಒಂದೇ ಬೀದಿಯಲ್ಲಿದ್ದರೆ ಅಂಚೆಯವನು ಏನು ಮಾಡಿಯಾನು? ನಾನು ನೆನಪಿನಲ್ಲಿಟ್ಟುಕೊಂಡಿರುವ ಸೂತ್ರ ಇಷ್ಟು: ಚಿತ್ರವಿರುವ ಆ್ಯಪಿನ ಒಳಗಡೆ ಗುರುತನ್ನು ಒತ್ತಿದರೆ ಬಹುಮಟ್ಟಿಗೆ ಚೀಟಿ, ಆ್ಯಪಿನ ಹೊರಗೆ, ಫೋನಿನ ಸಾಮಾನ್ಯ ಗುಂಡಿಗಳ ಸಾಲಿನಲ್ಲಿ ಒತ್ತಿದರೆ ಕನ್ನಡಿ. ಒಳಗಿನ ಗುರುತನ್ನು ಕಂಡುಹಿಡಿಯುವುದು ಕಷ್ಟವಲ್ಲ. ಒಂದು ಚೌಕದ ಎಡಗಡೆಯ ಕೆಳಮೂಲೆಯಲ್ಲಿ ಕಾಮನಬಿಲ್ಲಿನಂತೆ ಮೂರು ಗೆರೆಗಳು ಬಾಗಿದ್ದರೆ ಅದು ಕಾಸ್ಟ್. ಐಫೋನಿನಲ್ಲಿ ಚೌಕದ ಬುಡದಲ್ಲಿ ಪುಟ್ಟ ತ್ರಿಕೋಣವಿದ್ದರೆ ಅದು ಏರ್‌ಪ್ಲೇ.

ಈ ದಾರಿಗಳು ಹುಟ್ಟಿ ಬಹುಕಾಲವೇನೂ ಆಗಿಲ್ಲ. ಆ್ಯಪಲ್ ಸಂಸ್ಥೆಯವರು 2004ರಲ್ಲಿ ಹಾಡನ್ನು ಮಾತ್ರ ತಂತಿಯಿಲ್ಲದೆ ಸಾಗಿಸುವ ಒಂದು ಏರ್ಪಾಡನ್ನು ಹೊರಡಿಸಿದರು. 2010ರಲ್ಲಿ ಅದಕ್ಕೆ ಚಿತ್ರವೂ ಸೇರಿ ಏರ್‌ಪ್ಲೇ ಎಂದಾಯಿತು. ಬೇರೆ ಬೇರೆ ತಯಾರಕರ ಯಂತ್ರಗಳು ಕನ್ನಡಿಯ ದಾರಿಯಲ್ಲಿ ಪರಸ್ಪರ ಮಾತನಾಡಲೆಂದು ಮಿರಾಕಾಸ್ಟ್ ಎಂಬ ಕಟ್ಟಳೆಯು 2012ರಲ್ಲಿ ಬಂದಿತು. ಇದಕ್ಕೆ ಮನೆಯ ರೌಟರು ಕೂಡ ಬೇಡ, ಫೋನೂ ಟಿ.ವಿ.ಯೂ ನೇರವಾಗಿ ಕೈಹಿಡಿಯುತ್ತವೆ. ಚೀಟಿಯ ದಾರಿಯನ್ನು ಮನೆಮನೆಗೂ ತಂದದ್ದು ಮಾತ್ರ ಗೂಗಲ್ ಸಂಸ್ಥೆಯವರ ಕ್ರೋಮ್‌ಕಾಸ್ಟ್. ಅಮೆರಿಕದಲ್ಲಿ 2013ರಲ್ಲಿ 35 ಡಾಲರಿಗೂ, ನಮ್ಮ ದೇಶದಲ್ಲಿ 2014ರ ಡಿಸೆಂಬರಿನಲ್ಲಿ 2,999 ರೂಪಾಯಿಗೂ ಅದು ಮಾರಾಟಕ್ಕೆ ಬಂದಿತು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಆ ತುಂಡನ್ನು ಹಳೆಯ ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದರೆ ಸಾಕಾಗಿದ್ದಿತು. ಅದರ ತಯಾರಿಕೆಯನ್ನು 2024ರಲ್ಲಿ ನಿಲ್ಲಿಸಿದರು. ಆ ವಿದ್ಯೆಯು ಈಗ ಅನೇಕ ಟಿ.ವಿ.ಗಳ ಹೊಟ್ಟೆಯೊಳಗೇ ಸೇರಿದೆ.

ಇದರಲ್ಲಿ ಮನೆಯವರ ಕೈಮೀರಿದ ಅಂಶವೂ ಒಂದುಂಟು. 2025ರ ಮಾರ್ಚಿಯಲ್ಲಿ ಒಂದು ದಿನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳು ಲೋಕದಾದ್ಯಂತ ಇದ್ದಕ್ಕಿದ್ದಂತೆ ಮುಷ್ಕರ ಹೂಡಿದವು. ತುಂಡು ಕೆಟ್ಟಿರಲಿಲ್ಲ, ವೈಫೈಯೂ ಸರಿಯಾಗಿದ್ದಿತು. ತಾನು ನಿಜವಾದ ಕ್ರೋಮ್‌ಕಾಸ್ಟೇ ಎಂದು ಸಾಕ್ಷಿ ಹೇಳಲು ಅದರೊಳಗಿಟ್ಟಿದ್ದ ಪ್ರಮಾಣಪತ್ರದ ಹತ್ತು ವರ್ಷದ ಅವಧಿಯು ಮುಗಿದಿದ್ದಿತು. ಕೆಲವು ದಿನಗಳಲ್ಲಿ ಅದನ್ನು ಸರಿಪಡಿಸಿದರು. ಅದೇ ವರ್ಷದ ಕೊನೆಗೆ ನೆಟ್‌ಫ್ಲಿಕ್ಸ್ ಸಂಸ್ಥೆಯವರು ಫೋನಿನಿಂದ ಬಹುಪಾಲು ಟಿ.ವಿ.ಗಳಿಗೆ ಕಾಸ್ಟ್ ಮಾಡುವ ಅನುಕೂಲವನ್ನೇ ತೆಗೆದುಹಾಕಿದರು. ಹೀಗೆ ನಿನ್ನೆ ಇದ್ದ ಗುರುತು ಇಂದು ಕಾಣದಿದ್ದರೆ, ಮನೆಯ ಹುಡುಗರನ್ನು ಗದರಿಸುವುದಕ್ಕೆ ಮೊದಲು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಒಂದು ಮನೆಯಿಂದ ನಿಸ್ತಂತುವಾಗಿ ದನಿಯನ್ನು ಕಳುಹಿಸುವುದು ಕನ್ನಡನಾಡಿಗೆ ಹೊಸದಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬೆಳೆದು ಬಂದದ್ದು ಆ ಕೇಂದ್ರದಿಂದಲೇ. ಆದರೆ ಅಲ್ಲಿ ಮೈಕಿನ ಮುಂದೆ ಕುಳಿತವರಿಗೆ, ತಾವು ಈಗ ಊರಿಗೆಲ್ಲ ಕೇಳುವಂತೆ ಮಾತನಾಡುತ್ತಿದ್ದೇವೆ ಎಂಬ ಎಚ್ಚರವಿದ್ದಿತು. ನಮ್ಮ ಕೈಯಲ್ಲಿರುವ ಪ್ರಸಾರಯಂತ್ರವು ಅದೇ ಗಳಿಗೆಯಲ್ಲಿ ನಮ್ಮ ಹಣದ ಚೀಲವೂ, ಕಾಗದದ ಪೆಟ್ಟಿಗೆಯೂ, ದಿನಚರಿಯೂ ಆಗಿದೆ. ಮನೆಯಲ್ಲಿ ಗಂಡನ ಫೋನನ್ನು ಹೆಂಡತಿ, ಅಪ್ಪನ ಫೋನನ್ನು ಮಗ ಮುಟ್ಟದಿರುವುದು ಒಂದು ಮರ್ಯಾದೆ. ಟಿ.ವಿ.ಯಾದರೋ ಜಗುಲಿಯಿದ್ದಂತೆ, ಬಂದವರೆಲ್ಲರೂ ಅದರ ಮುಂದೆ ಕೂರುವರು.

ಈಗ ಬಳಕೆಯ ಮಾತು. ಚಿತ್ರಗಳನ್ನು ತೋರಿಸಬೇಕಾದಾಗ ಗೂಗಲ್ ಫೋಟೋಸ್‌ನಂಥ ಆ್ಯಪನ್ನು ತೆರೆದು, ಅದರೊಳಗಿನ ಕಾಸ್ಟ್ ಗುರುತನ್ನೇ ಒತ್ತಬೇಕು. ಐಫೋನಿನವರು ಫೋಟೋಸ್ ಆ್ಯಪಿನಲ್ಲಿ ಚಿತ್ರವನ್ನು ಆರಿಸಿ, ಹಂಚುವ ಗುರುತಿನ ಒಳಗಿರುವ ಏರ್‌ಪ್ಲೇಯನ್ನು ಹಿಡಿಯಬೇಕು. ಕಳುಹಿಸುವುದಕ್ಕೆ ಮುಂಚೆ ತೋರಿಸತಕ್ಕ ಚಿತ್ರಗಳನ್ನು ಒಂದು ಆಲ್ಬಮ್ಮಿನಲ್ಲಿ ಸೇರಿಸಿಟ್ಟುಕೊಂಡರೆ ಇನ್ನೂ ಉತ್ತಮ. ಮಗುವಿನ ಚಿತ್ರದ ಹಿಂದೆಯೇ ಸಾಲದ ಪತ್ರದ ಚಿತ್ರವೂ, ಔಷಧಿಯ ಚೀಟಿಯ ಚಿತ್ರವೂ ಇರುವುದು ಎಲ್ಲರ ಫೋನಿನಲ್ಲಿಯೂ ಸಹಜ. ಕನ್ನಡಿಯನ್ನೇ ಹಿಡಿಯಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ಕೆಲವು ಆ್ಯಪುಗಳಲ್ಲಿ ಬೇರೆ ದಾರಿಯೇ ಇರುವುದಿಲ್ಲ. ಆಗ ಮೊದಲು ಡು ನಾಟ್ ಡಿಸ್ಟರ್ಬ್ ಎಂಬುದನ್ನು ಹಾಕಿ, ಪಟ್ಟಿಗಳು ಇಳಿಯದಂತೆ ಮಾಡಿಕೊಳ್ಳಬೇಕು. ಹಾಕಿದ ಮೇಲೆ ಇನ್ನೊಂದು ಫೋನಿನಿಂದ ತನಗೆ ತಾನೇ ಒಂದು ಸಂದೇಶವನ್ನು ಕಳುಹಿಸಿ ಪರೀಕ್ಷಿಸುವುದು ನನ್ನ ಪದ್ಧತಿ. ಈಚಿನ ಕೆಲವು ಫೋನುಗಳು ಕನ್ನಡಿ ಹಿಡಿದಾಗ ಸಂದೇಶಗಳನ್ನು ತಾವಾಗಿಯೇ ಮುಚ್ಚಿಡುತ್ತವೆ. ಆದರೆ ನಿಮ್ಮ ಫೋನು ಆ ಜಾತಿಯದೇ ಎಂಬುದನ್ನು ನೆಂಟರ ಮುಂದೆ ಪರೀಕ್ಷಿಸಬೇಡಿ.

ಕೆಲವು ಸಿನಿಮಾ ಆ್ಯಪುಗಳನ್ನು ಕನ್ನಡಿಯಲ್ಲಿ ಹಿಡಿದರೆ ದನಿ ಮಾತ್ರ ಬಂದು ಚಿತ್ರವು ಕಪ್ಪಾಗುವುದುಂಟು. ಅದು ಕೆಡುಕಲ್ಲ, ಚಿತ್ರದ ಒಡೆಯರು ನಕಲಿಗೆ ಹಾಕಿರುವ ಬೀಗ.

ಮುಗಿದ ಮೇಲೆ ಸಂಬಂಧವನ್ನು ಕಡಿಯಲು ಮರೆಯಬಾರದು. ತರಂಗಕ್ಕೆ ಗೋಡೆಯ ಲೆಕ್ಕವಿಲ್ಲವಾದುದರಿಂದ, ನೀವು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೂ ಕನ್ನಡಿಯು ನಿಮ್ಮ ಕೈಯಲ್ಲಿಯೇ ಇರುತ್ತದೆ. ವೈಫೈಯ ಗುಟ್ಟಿನ ಪದವನ್ನು ಬಂದವರಿಗೆಲ್ಲ ಹೇಳಿದರೆ, ಅವರ ಫೋನಿನ ಕೂಗಿಗೂ ನಿಮ್ಮ ಟಿ.ವಿ.ಯು ಓಗೊಡುವುದೆಂಬುದು ನೆನಪಿರಲಿ. ರೌಟರುಗಳಲ್ಲಿ ಅತಿಥಿಗಳಿಗೆಂದೇ ಬೇರೊಂದು ವೈಫೈಯನ್ನು ಮಾಡುವ ಅನುಕೂಲವು ಸಾಮಾನ್ಯವಾಗಿ ಇರುತ್ತದೆ. ರೌಟರಿನ ಬಾಗಿಲು ಹೊರಜಗತ್ತಿಗೆ ತೆರೆದಿದ್ದರೆ ಏನಾಗುವುದೆಂಬುದು 2019ರ ಜನವರಿಯಲ್ಲಿ ಕಂಡುಬಂದಿತು. ಯಾರೋ ಕಿಡಿಗೇಡಿಗಳು ದೂರದಿಂದಲೇ ಸಾವಿರಾರು ಮನೆಗಳ ಕ್ರೋಮ್‌ಕಾಸ್ಟುಗಳಿಗೂ ಟಿ.ವಿ.ಗಳಿಗೂ ಚೀಟಿಯನ್ನು ಕಳುಹಿಸಿ, ಒಬ್ಬ ಯೂಟ್ಯೂಬ್ ಗಾರನ ಪರವಾದ ಜಾಹೀರಾತನ್ನು ಓಡಿಸಿಬಿಟ್ಟರು. ಯುಪಿಎನ್‌ಪಿ ಎಂಬ ಒಂದು ಅನುಕೂಲವು ರೌಟರಿನಲ್ಲಿ ತೆರೆದಿದ್ದುದೇ ಅವರಿಗೆ ದಾರಿಯಾಯಿತು. ಬೇಡದಿದ್ದರೆ ಅದನ್ನು ಮುಚ್ಚಿಸಿಬಿಡುವುದು ಲೇಸು; ಇಂಟರ್ನೆಟ್ ಹಾಕಿಕೊಟ್ಟವರನ್ನು ಕೇಳಿದರೆ ಮಾಡಿಕೊಡುತ್ತಾರೆ.

ಇದನ್ನೆಲ್ಲ ಉಪಾಧ್ಯಾಯರು ನಮ್ಮ ಜಗುಲಿಯಲ್ಲಿ ಕುಳಿತು ಒಂದು ಹಾಳೆಯ ಮೇಲೆ ದುಂಡಗೆ ಬರೆದುಕೊಂಡರು. ನನ್ನ ಫೋನಿನಲ್ಲಿ ನಾಲ್ಕು ಸಲ ಮಾಡಿಸಿ, ಐದನೆಯ ಸಲ ತಾವೇ ಮಾಡಿದರು. "ಮಗನಿಗೆ ಹೇಳಿಕೊಡುವುದಕ್ಕೋ?" ಎಂದು ಕೇಳಿದೆನು. "ಅವನು ಹೇಳಿಕೊಡಬೇಕಾಗಿದ್ದಿತು, ನಾನು ಕಲಿತುಬಿಟ್ಟರೆ ಅವನಿಗೆ ಆ ಸಂಜೆಯ ಮಾತನ್ನು ಎತ್ತುವ ಕಷ್ಟ ತಪ್ಪುತ್ತದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಮೂರು ತಿಂಗಳಿನಿಂದ ಮಗನು ಒಬ್ಬನೇ ಹೊತ್ತಿದ್ದನಂತೆ. ದುಡ್ಡಿನದು ಹೇಗಾದರೂ ಆಗುತ್ತಿತ್ತು, ಆದರೆ ನೆರೆಹೊರೆಯವರ ಎದುರಿನಲ್ಲಿ, ಹಬ್ಬದ ದಿನ, ಅವನ ಬಾಯಿಂದಲ್ಲದೆ ಗೋಡೆಯಿಂದ ತಿಳಿಯುವ ಹಾಗಾಯಿತಲ್ಲ ಎಂಬುದೇ ಅವರ ನೋವು. ನಾನು ಏನೂ ಹೇಳಲಿಲ್ಲ. ಆ ನೆರೆಹೊರೆಯವರಲ್ಲಿ ನಾನೂ ಒಬ್ಬನು.

ದೀಪಾವಳಿಗೆ ಮಗ ಸೊಸೆ ಇಬ್ಬರೂ ಮಗುವನ್ನು ಕರೆದುಕೊಂಡು ಬಂದಿದ್ದರು. ಹುಡುಗನಿಗೆ ಬೇರೆ ಕಡೆ, ಸಂಬಳ ಸ್ವಲ್ಪ ಕಡಮೆಯಾದರೂ, ಕೆಲಸವು ಸಿಕ್ಕಿದ್ದಿತು. ಮಗುವು ಎದುರಿನಲ್ಲಿಯೇ ಓಡಾಡುತ್ತಿದ್ದರೂ, ಚಿತ್ರಗಳನ್ನು ಟಿ.ವಿ.ಯಲ್ಲಿ ಹಾಕಬೇಕೆಂದು ಅಜ್ಜಿಯವರು ಹಟ ಹಿಡಿದರು. ಓಡುವ ಮಗುವಿಗಿಂತ ಗೋಡೆಯ ಮೇಲೆ ನಿಂತ ಮಗುವೇ ಅವರ ಕಣ್ಣಿಗೆ ಚೆನ್ನಾಗಿ ಕಾಣುವುದಂತೆ. ಹುಡುಗನು ಜೇಬಿಗೆ ಕೈಹಾಕುವುದರೊಳಗೆ ಉಪಾಧ್ಯಾಯರು ತಮ್ಮ ಫೋನನ್ನು ತೆಗೆದು, ಮೂರು ಗೆರೆಗಳ ಗುರುತನ್ನು ಒತ್ತಿದರು. ಸೊಸೆಯು ಕಳುಹಿಸಿದ್ದ ಚಿತ್ರಗಳನ್ನು ಮುಂಚಿತವಾಗಿಯೇ ಸೇರಿಸಿಟ್ಟುಕೊಂಡಿದ್ದರು. ತಂದೆಯನ್ನು ಅಣ್ಣ ಎಂದೇ ಕರೆಯುವ ಮನೆ ಅದು; "ಅಣ್ಣ, ನೀವು ಇದನ್ನು ಯಾವಾಗ ಕಲಿತಿರಿ?" ಎಂದು ಮಗನು ಬೆರಗಾಗಿ ಕೇಳಿದನು. ಅವರು ಉತ್ತರ ಕೊಡದೆ ಚಿತ್ರವನ್ನು ಸರಿಸಿದರು.

ಇಪ್ಪತ್ತು ಚಿತ್ರಗಳೂ ಮುಗಿದವು. ಅಜ್ಜಿಯವರು ಕುರ್ಚಿಯಿಂದ ಏಳುತ್ತ, "ಈ ಸಲ ಯಾರೂ ಹಬ್ಬದ ಶುಭಾಶಯ ಹೇಳಲಿಲ್ಲವೇನೋ?" ಎಂದರು.